ಗಂಟಿಲ್ಲದ ಕಸೂತಿ



ಮದುವೆಯ ದಿನಗಳು ಬಂದವೆಂದರೆ ತಿಕೋಟಾ, ಬಬಲೇಶ್ವರ ಮೊದಲಾದ ಕಡೆಗಳಿಂದ ನಮ್ಮ ಜನರು ಜವಳಿ ಕೊಳ್ಳುವದಕ್ಕಾಗಿ ವಿಜಯಪುರಕ್ಕೆ ಹೊರಡುತ್ತಾರೆ. ಈಚೆಗೆ ನಾವೂ ಸಭೆಯ ಒಂದು ಕುಟುಂಬದ ಸಂಗಡ ಸ್ಟೇಷನ್ ರಸ್ತೆಗೆ ಹೋಗಿದ್ದೆವು. ಮದುಮಗಳ ತಂದೆಯವರು ಒಂದು ಅಂಗಡಿಯಲ್ಲಿ ಹೊಳೆಯುವ ಸೆರಗನ್ನು ನೋಡಿ, "ಉಪದೇಶಿಗಳೇ, ಸಾಲ ಮಾಡಿಯಾದರೂ ಇದನ್ನೇ ಕೊಳ್ಳೋಣ, ಇಲ್ಲದಿದ್ದರೆ ಮಂದಿ ಏನಂದಾರು?" ಅಂದರು.

ಆ ರಸ್ತೆಯಲ್ಲಿಯೇ ಗೋಲಗುಮ್ಮಟವಿದೆ. 1656ರಲ್ಲಿ ತೀರಿಹೋದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯದು. ಅದರ ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ ಎದುರುಗಡೆ ನಿಂತವನಿಗೆ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಸಾರಿ ಮೊಳಗುತ್ತದೆ. 'ಮಂದಿ ಏನಂದಾರು' ಎಂಬ ಮಾತೂ ನಮ್ಮ ಮನಸ್ಸಿನಲ್ಲಿ ಹಾಗೆಯೇ ಮೊಳಗುತ್ತದೆ. ಆದರೆ ಸಾಲ ತೀರಿಸುವ ದಿನ ಆ ಮಂದಿಯಲ್ಲಿ ಒಬ್ಬರೂ ನಮ್ಮ ಬಾಗಿಲಿಗೆ ಬರುವದಿಲ್ಲ. ನಾವು ಇದನ್ನು ಅನುಭವದಿಂದ ಹೇಳುತ್ತೇವೆ. ನಮ್ಮ ಸ್ವಂತ ತಂಗಿಯ ಮದುವೆಗೆ ಮಾಡಿದ ಸಾಲವು ಆಕೆಯ ಎರಡನೆಯ ಕೂಸು ನಡೆದಾಡುವ ತನಕ ತೀರಲಿಲ್ಲ. ಸೀರೆಯ ಬಣ್ಣವು ಅದಕ್ಕಿಂತ ಮುಂಚೆಯೇ ಮಾಸಿತ್ತು.

ಆಗ ಮದುಮಗಳು, "ಅಪ್ಪಾ, ಸಾದಾ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಇಷ್ಟೇ ಸಾಕು. ಕಸೂತಿಯನ್ನು ಮನೆಯಲ್ಲಿ ನಾವೇ ಹಾಕುತ್ತೇವೆ" ಅಂದಳು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಒಪ್ಪಿದರು.

ಕೆಲವು ವಾರಗಳ ತರುವಾಯ ನಾವು ಆ ಮನೆಗೆ ಹೋದೆವು. ತಾಯಿಯೂ ಅತ್ತಿಗೆಯೂ ಸೆರಗಿನ ಎರಡು ತುದಿಗಳಲ್ಲಿ ಕೂತು ಹೊಲಿಯುತ್ತಿದ್ದರು. ತಮ್ಮನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದನು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳುಂಟು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು; ದಾರಕ್ಕೆ ಗಂಟು ಹಾಕಬಾರದು. ಕಣ್ಣು ಮಂಜಾದ ಅಜ್ಜಿಯು ಸೆರಗಿನ ಹಿಂಬದಿಯನ್ನು ಬೆರಳಿನಿಂದ ಸವರುತ್ತಾ, "ಇಲ್ಲಿ ಒಂದು ಗಂಟು ಇದೆ, ಬಿಚ್ಚವ್ವಾ" ಅಂದಳು. ಮೊಮ್ಮಗಳು ಬೇಸರವಿಲ್ಲದೆ ಒಂದು ಸಾಲನ್ನೆಲ್ಲಾ ಬಿಚ್ಚಿ ತಿರಿಗಿ ಹೊಲಿದಳು.

ಪ್ರಿಯರೇ, ಆ ಬೆರಳು ನಮಗೂ ಪ್ರಸಂಗ ಮಾಡಿತು. ಗವಂತಿಯಲ್ಲಿ ಸೂಜಿಯು ಹೋಗುವಾಗ ನಡುನಡುವೆ ತೆರಪು ಬಿಡುತ್ತದೆ. ಅದೇ ದಾರಿಯಲ್ಲಿ ಹಿಂತಿರುಗುವಾಗ ಆ ತೆರಪುಗಳನ್ನು ತುಂಬುತ್ತದೆ. ಆಗ ಮುಂಬದಿಯೂ ಹಿಂಬದಿಯೂ ಒಂದೇ ರೀತಿ ಕಾಣುತ್ತವೆ. ಒಬ್ಬರು ಬಿಟ್ಟ ತೆರಪನ್ನು ಮತ್ತೊಬ್ಬರು ತುಂಬುವದೇ ಕುಟುಂಬವಲ್ಲವೇ? ಮಂದಿಯು ನೋಡುವದು ಮುಂಬದಿಯನ್ನು. ದೇವರ ಬೆರಳು ಹಿಂಬದಿಯನ್ನು ಸವರುತ್ತದೆ. ಮುಂದೆ ಜರಿಯೂ ಹಿಂದೆ ಬಡ್ಡಿಯ ಗಂಟೂ ಇರುವ ಮದುವೆಯು ಆತನ ಮುಂದೆ ಅಂದವಾದೀತೇ?

ವಿಮೋಚನಕಾಂಡದ 35ನೆಯ ಅಧ್ಯಾಯವನ್ನು ಓದಿರಿ. ದೇವರ ಗುಡಾರಕ್ಕಾಗಿ ಜಾಣೆಯರಾದ ಸ್ತ್ರೀಯರು ತಮ್ಮ ಕೈಯಿಂದಲೇ ನೂಲು ನೂತು ತಂದರು. ಮುಂದಿನ ಅಧ್ಯಾಯದಲ್ಲಿ, ಜನರು ತಂದದ್ದು ಬೇಕಾದದ್ದಕ್ಕಿಂತ ಹೆಚ್ಚಾದ ಕಾರಣ ಮೋಶೆಯು ಅವರನ್ನು ತಡೆಯಬೇಕಾಯಿತು. ಮನಸ್ಸಿನಿಂದ ದುಡಿಯುವ ಕೈಗಳು ತಂದದ್ದು ದೇವರ ಕೆಲಸಕ್ಕೆ ಸಾಕಾಯಿತು. ನಮ್ಮ ಮಕ್ಕಳ ಮದುವೆಗೆ ಸಾಲದೋ?

ಕೊಳ್ಳುವದೇ ಪಾಪವೆಂದು ನಾವು ಹೇಳುವದಿಲ್ಲ. ಆದರೆ ಸಂಬಂಧ ನಿಶ್ಚಯವಾದ ಕೂಡಲೇ ಮನೆಯವರೆಲ್ಲರೂ ಒಟ್ಟಾಗಿ ಕೂತು, ಕಸೂತಿಯ ಎಳೆಗಳನ್ನು ಎಣಿಸುವಂತೆ ಕೈಯಲ್ಲಿರುವ ಹಣವನ್ನು ಎಣಿಸಿರಿ; ಆಮೇಲೆ ಪೇಟೆಗೆ ಹೋಗಿರಿ. ಹೊಲಿಗೆಗೆ ದಿನಗಳು ಬೇಕು; ಆದ ಕಾರಣ ಬೇಗನೆ ಆರಂಭಿಸಿರಿ. ಕಸೂತಿ ಬಲ್ಲ ತಾಯಂದಿರೇ, ಕೈನೆರವಿಲ್ಲದ ಮನೆಯ ಮದುಮಗಳ ಸೆರಗಿನ ಬಳಿಯಲ್ಲಿ ನೀವೂ ಹೋಗಿ ಕೂತುಕೊಳ್ಳಿರಿ. ಕಾನಾ ಊರಿನ ಮದುವೆಯಲ್ಲಿ ಕೊರತೆಯನ್ನು ಕಂಡು ಯೇಸುವಿಗೆ ತಿಳಿಸಿದವಳು ಒಬ್ಬ ತಾಯಿಯೇ.

ಆ ಕರ್ತನು ನಮ್ಮ ಮನೆಗಳ ಹಿಂಬದಿಯನ್ನೂ ಮುಂಬದಿಯಂತೆ ಶುದ್ಧಮಾಡಲಿ. ಆಮೆನ್.