ಕೊನೆಯ ಪ್ರತಿ ಯಾರ ಹೊಣೆ?

ನಮ್ಮ ಹೆಬ್ಬಾಳದ ಮನೆಗಳಲ್ಲಿ ಹಳೆಯ ಪತ್ರಿಕೆಗಳು ತೂಕಕ್ಕೆ ಹೋಗುವುದು ಸಹಜ. ಗ್ರಂಥಾಲಯವೇ ಹಾಗೆ ಮಾಡಿದರೆ? ‘ಅಂತರ್ಜಾಲದಲ್ಲಿ ಇದೆಯಲ್ಲ’ ಎಂದು ವಿದ್ವತ್ಪತ್ರಿಕೆಗಳ ಹಳೆಯ ಸಂಪುಟಗಳನ್ನು ಕಪಾಟಿನಿಂದ ಇಳಿಸುವ ರೂಢಿ ಲೋಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿದೆ. ಸ್ಥಳದ ಅಭಾವ ಸುಳ್ಳಲ್ಲ. 1995ರಲ್ಲಿ ಅಮೆರಿಕದಲ್ಲಿ ಜೆಸ್ಟೋರ್ ಸಂಗ್ರಹ ಹುಟ್ಟಿದ್ದೇ ಆ ಸಂಕಟದಿಂದ. ಆದರೂ ಅದರ ಮೂಲ ಮುದ್ರಿತ ಪ್ರತಿಗಳನ್ನು ಹಾರ್ವರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳಲ್ಲಿ ಜೋಪಾನವಾಗಿ ಇರಿಸುವ ಏರ್ಪಾಡಾಯಿತು.

ನಮ್ಮಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿಗಳಲ್ಲಿ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿದೆ. ಬಡ ವಿದ್ಯಾರ್ಥಿಗೆ ಇದು ವರವೇ. ಆದರೆ ಚಂದಾ ಬಹುಮಟ್ಟಿಗೆ ಬಾಡಿಗೆ ಮನೆಯಂತೆ.

ನನ್ನನ್ನು ಕಾಡುವುದು ಕನ್ನಡದ ಪತ್ರಿಕೆಗಳು. ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆರಂಭಿಸಿದ ‘ಪ್ರಬುದ್ಧ ಕರ್ನಾಟಕ’ವನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. ಅಂಥದೊಂದು ಪತ್ರಿಕೆಯ ಸಂಪುಟವನ್ನು ತೆಗೆದುಹಾಕುವ ಪ್ರತಿಯೊಬ್ಬರೂ ‘ಬೇರೆಡೆ ಇದ್ದೇ ಇರುತ್ತದೆ’ ಎಂದುಕೊಂಡರೆ, ಆ ‘ಬೇರೆಡೆ’ ಎಲ್ಲಿ? ಮುಪ್ಪಿನ ತಾಯಿಯನ್ನು ತಮ್ಮ ನೋಡಿಕೊಳ್ಳುತ್ತಾನೆಂದು ಅಣ್ಣನೂ, ಅಣ್ಣ ನೋಡಿಕೊಳ್ಳುತ್ತಾನೆಂದು ತಮ್ಮನೂ ಸುಮ್ಮನಿರುವುದನ್ನು ಮನೆಗಳಿಗೆ ಭೇಟಿಯಿತ್ತಾಗ ಕಂಡಿದ್ದೇನೆ. ಇಬ್ಬರೂ ಕೆಟ್ಟವರಲ್ಲ. ಮೈಸೂರು, ಧಾರವಾಡ, ಮಂಗಳೂರುಗಳ ಗ್ರಂಥಪಾಲಕರು ಕುಳಿತು ಮಾತನಾಡಿ, ಯಾವ ಪತ್ರಿಕೆಯ ಪೂರ್ಣ ಸಂಪುಟಗಳು ಯಾರಲ್ಲಿ ಉಳಿಯಬೇಕೆಂದು ಬರೆದಿಟ್ಟುಕೊಂಡರೆ, ಮಿಕ್ಕವರು ನಿಶ್ಚಿಂತೆಯಿಂದ ಕಪಾಟು ಖಾಲಿ ಮಾಡಬಹುದು.