ಉಚ್ಛ್ವಾಸ, ನಾಡಿ, ಆಯುಸ್ಸು

ಮನುಷ್ಯನಿಗೆ ಇಷ್ಟೇ ಉಸಿರೆಂದು ಎಣಿಸಿಟ್ಟಿದೆ, ಅದು ತೀರಿದಂದು ಆಯುಸ್ಸೂ ತೀರುತ್ತದೆ ಎಂಬ ನಂಬಿಕೆ ಕನ್ನಡನಾಡಿನಲ್ಲಿ ಬಹಳ ಹಳೆಯದು. ಎದೆಬಡಿತಕ್ಕೂ ಅದನ್ನು ಅನ್ವಯಿಸುವವರಿದ್ದಾರೆ. ಇದನ್ನು ಪರಿಶೀಲಿಸಲು ತಕ್ಕ ಗ್ರಂಥವೊಂದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಪರಂಪರೆಯಲ್ಲಿಯೇ ಇದೆ. ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಗಂಗರ ಸಚಿವ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರವೇ ಅದು.

ಅದರ ಜೀವಕಾಂಡದ ಕಾಲಗಣನೆಯಂತೆ ಏಳು ಉಚ್ಛ್ವಾಸಗಳು ಒಂದು ಸ್ತೋಕ, ಏಳು ಸ್ತೋಕಗಳು ಒಂದು ಲವ, ಮೂವತ್ತೆಂಟೂವರೆ ಲವಗಳು ಒಂದು ನಾಳಿ ಅಂದರೆ ಘಳಿಗೆ, ಎರಡು ನಾಳಿಗಳು ಒಂದು ಮುಹೂರ್ತ. ಗುಣಿಸಿದರೆ 48 ನಿಮಿಷಗಳ ಮುಹೂರ್ತಕ್ಕೆ 3773 ಉಚ್ಛ್ವಾಸಗಳು, ನಿಮಿಷಕ್ಕೆ ಸುಮಾರು 79. ವಿಶ್ರಾಂತಿಯಲ್ಲಿರುವ ವಯಸ್ಕನಾದರೋ ನಿಮಿಷಕ್ಕೆ 12ರಿಂದ 20 ಬಾರಿ ಮಾತ್ರ ಉಸಿರಾಡುತ್ತಾನೆ, ಆದರೆ ಅವನ ಹೃದಯ 60ರಿಂದ 100 ಬಾರಿ ಮಿಡಿಯುತ್ತದೆ. ಆದ್ದರಿಂದ ಇಲ್ಲಿನ ಉಚ್ಛ್ವಾಸವು ನಾಡಿಬಡಿತವೇ ಇರಬೇಕೆಂಬ ಊಹೆಗೆ ಬಲವಿದೆ, ಗ್ರಂಥ ಹಾಗೆಂದು ಹೇಳದ ಕಾರಣ ಅದು ಊಹೆಯಾಗಿಯೇ ಉಳಿಯಬೇಕು. ಜೈನ ಪರಂಪರೆಯು ಈ ಅಳತೆಗೆ ನಿರೋಗಿಯೂ ಬಾಧೆಯಿಲ್ಲದವನೂ ಆದ ಮನುಷ್ಯನನ್ನೇ ಆರಿಸಿಕೊಂಡದ್ದು ಮೆಚ್ಚತಕ್ಕ ಎಚ್ಚರ, ಏಕೆಂದರೆ ಜ್ವರ, ಭಯ, ಶ್ರಮಗಳಲ್ಲಿ ನಾಡಿಯ ಗತಿ ಏರುತ್ತದೆ.

ತೊಟ್ಟಿಲ ಕೂಸು ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ನವಜಾತ ಶಿಶುವಿನ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 100ರಿಂದ 160 ಬಾರಿ ಮಿಡಿಯುತ್ತದೆ, ಅಳುವಾಗ ಇನ್ನೂ ಹೆಚ್ಚು. 140ರ ಗತಿಯಲ್ಲಿ ಮುಹೂರ್ತದ 3773 ಮಿಡಿತಗಳು 27 ನಿಮಿಷಗಳಲ್ಲಿಯೇ ಮುಗಿದುಹೋಗುತ್ತವೆ. ಇದು ರೋಗವಲ್ಲ. ಪುಟ್ಟ ಹೃದಯ ಒಂದು ಮಿಡಿತಕ್ಕೆ ಹೊರದೂಡುವ ರಕ್ತ ಅಲ್ಪ, ಬೆಳೆಯುವ ದೇಹಕ್ಕೆ ಬೇಕಾದ ಆಮ್ಲಜನಕವೋ ತೂಕದ ಅನುಪಾತದಲ್ಲಿ ವಯಸ್ಕರಿಗಿಂತ ಹೆಚ್ಚು, ಹಾಗಾಗಿ ಆ ಕೊರತೆಯನ್ನು ಹೃದಯವು ವೇಗದಿಂದ ತುಂಬಿಕೊಳ್ಳುತ್ತದೆ. ಸುಮಾರು ಹತ್ತು ವರ್ಷದ ಹೊತ್ತಿಗೆ ಗತಿ ವಯಸ್ಕರ ಮಟ್ಟಕ್ಕೆ ಇಳಿಯುತ್ತದೆ.

ಮಿಡಿತಗಳೇ ಆಯುಸ್ಸಿನ ಬಂಡವಾಳವಾಗಿದ್ದರೆ ಕೂಸು ಹುಟ್ಟಿದಂದಿನಿಂದಲೇ ಅದನ್ನು ಇಮ್ಮಡಿ ವೇಗದಲ್ಲಿ ಕಳೆಯುತ್ತಿದೆ ಎನ್ನಬೇಕಾದೀತು. ಜೀವಕಾಂಡದ ವಿಚಾರಸರಣಿ ಇದಕ್ಕೆ ಎಡೆಗೊಡುವುದಿಲ್ಲ. ಅದು ಹೇಳುವ ಹತ್ತು ಪ್ರಾಣಗಳಲ್ಲಿ ಐದು ಇಂದ್ರಿಯಗಳು, ಮನೋವಾಕ್ಕಾಯಗಳೆಂಬ ಮೂರು ಬಲಗಳು ಸೇರಿದ ಮೇಲೆ ಆನಾಪಾನ ಅಂದರೆ ಉಸಿರಾಟ ಒಂದು, ಜೀವವನ್ನು ಒಂದು ದೇಹದಲ್ಲಿ ಹಿಡಿದಿಡುವ ಕರ್ಮವಾದ ಆಯುಸ್ಸು ಬೇರೆಯೇ ಇನ್ನೊಂದು. ಅಲ್ಲದೆ ಕಾಲದ ಎಣಿಕೆ ಉಸಿರಿನಿಂದ ತೊಡಗುವುದೂ ಇಲ್ಲ; ಅವಿಭಾಜ್ಯ ಕ್ಷಣವಾದ ಸಮಯ, ಅಸಂಖ್ಯಾತ ಸಮಯಗಳ ಆವಲಿ, ಆವಲಿಗಳ ಸಮೂಹವಾದ ಉಚ್ಛ್ವಾಸ ಎಂಬುದು ಅಲ್ಲಿಯ ಕ್ರಮ, ಎಂದರೆ ಉಸಿರೇ ಕಾಲದಿಂದ ಅಳೆಯಲ್ಪಡುತ್ತದೆ.

ಆಯುಸ್ಸು ಕರ್ಮಾಧೀನವಾದರೆ ಚಿಕಿತ್ಸೆ ವ್ಯರ್ಥವೇ ಎಂಬ ಪ್ರಶ್ನೆಗೂ ಈ ದರ್ಶನದಲ್ಲಿ ಉತ್ತರವಿದೆ. ದೇವ, ನಾರಕ, ಚರಮದೇಹಿ (ಅದೇ ಜನ್ಮದಲ್ಲಿ ಮೋಕ್ಷ ಪಡೆಯುವವನು) ಮೊದಲಾದವರನ್ನು ಬಿಟ್ಟು ಉಳಿದವರ ಆಯುಸ್ಸು ವಿಷ, ಶಸ್ತ್ರಾದಿ ನಿಮಿತ್ತಗಳಿಂದ ಅಕಾಲದಲ್ಲಿ ಕುಗ್ಗಬಹುದೆಂದು ಜೈನ ಗ್ರಂಥವಾದ ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರು ಒಪ್ಪುತ್ತಾರೆ, ಆದ್ದರಿಂದ ಅಂಥ ನಿಮಿತ್ತವನ್ನು ತಡೆಯುವ ಪ್ರಯತ್ನಕ್ಕೆ ಅರ್ಥವುಂಟು. ಈಗತಾನೇ ಹುಟ್ಟಿದ ಶಿಶುವಿನ ಮಿಡಿತ ನಿಮಿಷಕ್ಕೆ 100ಕ್ಕಿಂತ ಕೆಳಗಿದ್ದರೆ ಹೆರಿಗೆ ಕೋಣೆಯಲ್ಲಿ ಮೊದಲು ಮಾಡುವ ಕೆಲಸ ಆನಾಪಾನಕ್ಕೆ ಆಸರೆಯಾಗುವುದು, ಅಂದರೆ ಮಾಸ್ಕ್ ಇಟ್ಟು ಶ್ವಾಸಕೋಶಗಳಿಗೆ ಗಾಳಿ ತುಂಬುವುದು. ಉಸಿರು ಸರಿಯಾಗಿ ಒಳಹೊಕ್ಕರೆ ಬಹುಪಾಲು ಶಿಶುಗಳಲ್ಲಿ ಮಿಡಿತ ತಾನಾಗಿಯೇ ಏರುತ್ತದೆ.