ಇಂದಿನ ಧಮ್ಮ ಚಿಂತನೆ: ಸುಟ್ಟ ವಾಸನೆ ಎಲ್ಲಿಂದ?



ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸುತ್ತಗಳಿಗೆ ಅರ್ಥ ಹೇಳುವಷ್ಟು ಪಾಂಡಿತ್ಯ ನನಗಿಲ್ಲ. ನನ್ನ ಹಳೇ ಕಾರಿನ ಕತೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನನ್ನದು 1999ರ ಮಾರುತಿ 800, ಸೆಕೆಂಡ್ ಹ್ಯಾಂಡ್. ಎಂಟು ತಿಂಗಳಿಂದ ಎಂಜಿನ್ ಆಯಿಲ್ ಕಡಿಮೆಯಾಗುತ್ತಿತ್ತು. ಕಡ್ಡಿ ಎಳೆದು ನೋಡುವುದು, ಅರ್ಧ ಲೀಟರ್ ಸುರಿಯುವುದು, ಬಾನೆಟ್ ಮುಚ್ಚುವುದು, ಇಷ್ಟೇ ನನ್ನ ರಿಪೇರಿ. ಮನೆ ಮುಂದೆ ಕಪ್ಪು ಹನಿ ಬಿದ್ದರೆ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಿದ್ದೆ. ಹೆಂಡತಿ ಎರಡು ಮೂರು ಸಲ ವಾಸನೆ ಬರುತ್ತದೆ ಎಂದಳು. ಮುಂದಿನ ಲಾರಿಯದು ಎಂದೆ.

ಕಳೆದ ಹುಣ್ಣಿಮೆಗೆ ಕಲಬುರಗಿಯಿಂದ ಕನಗನಹಳ್ಳಿಗೆ ಹೊರಟೆವು. ಭೀಮಾ ತೀರದ ಆ ಸ್ತೂಪದಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪವಿದೆಯಲ್ಲ, ಅದನ್ನು ಮಗಳಿಗೆ ತೋರಿಸಬೇಕೆಂಬುದು ಬಹಳ ದಿನದ ಆಸೆ. ದಾರಿಯಲ್ಲಿ ಅವಳೇ ಒಂದು ಮಾತು ತೆಗೆದಳು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮದುವೆಯಾಗಬೇಕೆಂದಿದ್ದಾಳೆ. ಆ ಮನೆಯವರೂ ದೀಕ್ಷೆ ತೆಗೆದುಕೊಂಡವರೇ. ಆದರೆ ಎಡ-ಬಲದಲ್ಲಿ ನಾವು ಒಂದು ಕಡೆ, ಅವರು ಇನ್ನೊಂದು ಕಡೆ. ಯಾರು ಯಾವ ಕಡೆ ಎಂದು ಬರೆಯುವುದಿಲ್ಲ. ಬರೆದರೆ ಈ ಗ್ರೂಪಿನಲ್ಲಿ ನಾಳೆ ಅದೇ ಚರ್ಚೆ ನಡೆಯುತ್ತದೆ.

“ನಂದೇನೂ ಅಭ್ಯಂತರ ಇಲ್ಲವ್ವ. ಊರ ಮಂದಿ ಏನಂತಾರ? ನಿಮ್ಮ ದೊಡ್ಡಪ್ಪ ಏನಂತಾನ?” ಅಂದೆ.

ರೈಲ್ವೆ ಗೇಟ್ ಬಿದ್ದು ಕಾರು ನಿಂತಿತ್ತು. ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಪ್ಪಾ, ಏನೋ ಸುಟ್ಟಂಗ ವಾಸನಿ ಬರ್ಲಿಕತ್ತದ” ಎಂದಳು.

“ಕಿಡಕಿ ಇಳಸು” ಎಂದೆ. ಅಷ್ಟರಲ್ಲಿ ಬಾನೆಟ್ ಸಂದಿಯಿಂದ ಹೊಗೆ ಬಂತು.

ಅವತ್ತು ಅಶೋಕನ ದರ್ಶನ ಆಗಲಿಲ್ಲ. ಎಂಜಿನ್ ಆರಿಸಿ, ಹೆಂಡತಿ ಮಗಳನ್ನು ಬಸ್ಸು ಹತ್ತಿಸಿ, ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದೆ. ಪಕ್ಕದ ಮನೆಯವರು, ಆಯುಧ ಪೂಜೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂದರು. ನಗು ಬಂತು. ಆದರೆ ಅವರಾದರೂ ಒಂದು ಕಾರಣ ಹುಡುಕಿದ್ದರು. ಎಂಟು ತಿಂಗಳು ನಾನು ಅದನ್ನೂ ಮಾಡಿರಲಿಲ್ಲ.

ಗ್ಯಾರೇಜಿನ ಚಾಚಾ ಪಾನಾ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ವಾಸನೆ ನಿಂತಾಗ ಬರುತ್ತದೋ, ಓಡುವಾಗಲೋ? ಸಿಹಿ ವಾಸನೆಯಾದರೆ ಕೂಲೆಂಟ್, ಕಾಗದ ಸುಟ್ಟಂತಿದ್ದರೆ ಕ್ಲಚ್, ಪ್ಲಾಸ್ಟಿಕ್ ಸುಟ್ಟಂತಿದ್ದರೆ ವೈರಿಂಗ್. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಎಂಜಿನ್ ಒಳಗೇ ಉರಿಯುತ್ತಿದೆ ಎಂದರ್ಥ. ನನ್ನ ಕಾರಿಗೆ ನೀಲಿ ಹೊಗೆ ಇರಲಿಲ್ಲ. ನಿಂತಾಗಲೇ ವಾಸನೆ ಹೆಚ್ಚು. ಅಂದರೆ ಹೊರಗೆ ಸೋರಿದ ಆಯಿಲ್ ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದು ಸುಡುತ್ತಿದೆ. ಓಡುವಾಗ ಗಾಳಿ ಹೊಗೆಯನ್ನು ಹೊತ್ತೊಯ್ಯುತ್ತದೆ, ನಿಂತಾಗ ಒಳಗೆ ಬರುತ್ತದೆ.

ಕೆಳಗೆ ಚೇಂಬರಿನಿಂದ ಹನಿಯುತ್ತಿದೆ, ಅಲ್ಲೇ ಬಿಗಿ ಮಾಡಿ ಎಂದೆ. ಚಾಚಾ ತಲೆಯಾಡಿಸಿದರು. “ಹನಿ ಬಿದ್ದಲ್ಲಿ ಲೀಕ್ ಇರಂಗಿಲ್ಲ ಸರ್. ಆಯಿಲ್ ಮ್ಯಾಲಿಂದ ಇಳದು ಬರ್ತದ, ಗಾಳಿಗೆ ಹಿಂದ ಸರೀತದ. ಮ್ಯಾಲ ನೋಡ್ಬೇಕು.”

ಎಂಜಿನ್ ತೊಳೆದು ಒಣಗಿಸಿದರು. ಮುಖಕ್ಕೆ ಹಚ್ಚುವ ಪೌಡರನ್ನು ಎಲ್ಲ ಕಡೆ ಉದುರಿಸಿ ಎಂಜಿನ್ ಚಾಲೂ ಮಾಡಿದರು. ಕಾಲು ಗಂಟೆಯಲ್ಲಿ ಬಿಳಿ ಪೌಡರಿನ ಮೇಲೆ ಒಂದು ಕಪ್ಪು ಗೆರೆ ಇಳಿಯಿತು, ಎಲ್ಲಕ್ಕಿಂತ ಮೇಲಿನ ಟ್ಯಾಪೆಟ್ ಕವರಿನ ಅಂಚಿನಿಂದ. ಅದರ ಪ್ಯಾಕಿಂಗ್ ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಹಿಂದೆ ಯಾರೋ ಹೊರಗಿನಿಂದ ಪೇಸ್ಟ್ ಬಳಿದಿದ್ದರು. ನಾನೂ ಒಮ್ಮೆ ಬೋಲ್ಟ್ ಜೋರಾಗಿ ತಿರುವಿ ಕವರನ್ನೇ ಸೊಟ್ಟ ಮಾಡಿದ್ದೆ.

ಅಷ್ಟಕ್ಕೇ ಚಾಚಾ ಬಿಡಲಿಲ್ಲ. ಕವರಿನಿಂದ ಏರ್ ಫಿಲ್ಟರ್ ಕಡೆಗೆ ಹೋಗುವ ಬ್ರೀದರ್ ಪೈಪ್ ಬಿಚ್ಚಿದರು. ಒಳಗೆ ಕರೀ ಮಡ್ಡಿ ತುಂಬಿತ್ತು. ಎಂಜಿನ್ ಒಳಗಿನ ಆವಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಕಟ್ಟಿಕೊಂಡು, ಆಯಿಲನ್ನು ಸಂದಿಯಿಂದ ತಳ್ಳುತ್ತಿತ್ತು. ಬರೀ ಪ್ಯಾಕಿಂಗ್ ಬದಲಿಸಿದ್ದರೆ ಮತ್ತೆ ಸೋರುತ್ತಿತ್ತು. ಪಟಿಚ್ಚ ಸಮುಪ್ಪಾದ ಎಂದು ನಾವು ಉಚ್ಚರಿಸುವುದನ್ನು, ಕಾರಣಕ್ಕೂ ಒಂದು ಕಾರಣ ಇರುತ್ತದೆಂಬುದನ್ನು, ಅವರು ಬೆರಳಿನಿಂದ ಒರೆಸಿ ತೋರಿಸಿದರು.

ಕೇಸಮುತ್ತಿಯ ಕಾಲಾಮರಿಗೆ ಭಗವಾನರು ಹೇಳಿದ್ದು ನಮಗೆಲ್ಲ ಗೊತ್ತು. ಕೇಳಿಬಂದದ್ದೆಂದು, ಪರಂಪರೆಯೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂದು. ನಾನು ಆ ಸುತ್ತವನ್ನು ಹೆಚ್ಚಾಗಿ ಬೇರೆಯವರ ದೇವರ ಮೇಲೆ ಪ್ರಯೋಗಿಸಿದ್ದೇನೆ. ಗ್ಯಾರೇಜಿನ ಬೆಂಚಿನ ಮೇಲೆ ಕೂತಾಗ ಮೊದಲ ಸಲ ನನ್ನ ಮಾತಿನ ಮೇಲೇ ಪೌಡರ್ ಉದುರಿಸಿ ನೋಡಿದೆ. ಊರ ಮಂದಿ ಏನಂತಾರ ಎಂದಿದ್ದೆ. ಯಾರನ್ನು ಕೇಳಿದ್ದೆ? ಅಣ್ಣನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

“ಹುಡುಗ ಚಲೋ ಇದ್ದಾನೇನು? ಮತ್ತ ನನ್ನ ಯಾಕ ಕೇಳ್ತಿ? ನೀನೇ ಅಲ್ಲೇನು ಎಲ್ಲಾರಿಗೂ ಪ್ರತಿಜ್ಞಾ ಹೇಳಿಸಾಂವ?” ಎಂದ.

ಹನಿ ಬೀಳುತ್ತಿದ್ದದ್ದು ಅಣ್ಣನ ಹೆಸರಿನ ಮೇಲೆ. ಸೋರುತ್ತಿದ್ದದ್ದು ನಾನು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇನೆ ಎಂಬುದೂ ಇದೆ, ಸಮಾನತೆ ಸ್ಥಾಪಿಸಲು ಶ್ರಮಿಸುತ್ತೇನೆ ಎಂಬುದೂ ಇದೆ. ಮೊದಲನೆಯದು ನನ್ನ ಬಾಯಿಗೆ ಸುಲಭ. 1936ರ ‘ಜಾತಿ ವಿನಾಶ’ದಲ್ಲಿ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ಅವರು ಬರೆದದ್ದನ್ನು ಈ ಬಳಗದಲ್ಲಿ ನಾನೇ ಎರಡು ಸಲ ಪಾಠ ಮಾಡಿದ್ದೇನೆ. ಆ ಮದ್ದು ಮೇಲ್ಜಾತಿಯವರು ಕುಡಿಯಬೇಕಾದದ್ದು ಎಂದೇ ತಿಳಿದಿದ್ದೆ.

ಸಂಜೆ ಮಗಳಿಗೆ, “ಅಭ್ಯಂತರ ಇದ್ದದ್ದು ನಂದೇ” ಎಂದೆ. ಅವಳು ನಗಲಿಲ್ಲ. “ಗೊತ್ತಿತ್ತಪ್ಪ” ಎಂದಳು.

ಈ ಭಾನುವಾರ ಹುಡುಗನ ಮನೆಯವರು ಬರುತ್ತಾರೆ. ಹೊಸ ಪ್ಯಾಕಿಂಗ್ ಹಾಕಿಸಿ ಎರಡು ವಾರವಾಯಿತು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ ಬೆಳಗ್ಗೆ ನೋಡಲು ಚಾಚಾ ಹೇಳಿದ್ದಾರೆ. ನಿನ್ನೆ ಒಂದು ಹನಿ ಇತ್ತು. ಎಲ್ಲೋ ಉಳಿದಿದ್ದ ಹಳೆಯದೋ, ಹೊಸದೋ ತಿಳಿಯಬೇಕಲ್ಲ, ಇವತ್ತು ಬೇರೆ ರಟ್ಟು ಹಾಸಿದ್ದೇನೆ.

ಭವತು ಸಬ್ಬ ಮಂಗಲಂ. ಜೈಭೀಮ್.